ಶುಶ್ರೂಷಾ ವಿದ್ಯೆ ಮತ್ತು ಪರವಾನಗಿ ಪರೀಕ್ಷೆ : ಒಂದು ಐತಿಹಾಸಿಕ ವಿವೇಚನೆ

ಸಂಸ್ಕೃತದಲ್ಲಿ ‘ಶುಶ್ರೂಷಾ’ ಎಂಬ ಶಬ್ದಕ್ಕೆ ‘ಕೇಳಬೇಕೆಂಬ ಇಚ್ಛೆ’ ಎಂಬುದೇ ಮೊದಲ ಅರ್ಥ. ‘ಶ್ರು’ ಎಂಬ ಧಾತುವಿನಿಂದ ಹುಟ್ಟಿದ ಪದವಿದು. ಗುರುವಿನ ಮಾತನ್ನು ಕೇಳಬಯಸುವವನು ಗುರುವಿನ ಸೇವೆಗೆ ನಿಲ್ಲುತ್ತಾನೆ. ಆದುದರಿಂದ ಕ್ರಮವಾಗಿ ಸೇವೆ ಎಂಬ ಅರ್ಥವೂ, ಅದರಿಂದ ರೋಗಿಯ ಪರಿಚರ್ಯೆ ಎಂಬ ಅರ್ಥವೂ ಇದಕ್ಕೆ ಪ್ರಾಪ್ತವಾದವು. ಇಂದು ಕನ್ನಡದಲ್ಲಿ ಶುಶ್ರೂಷೆ ಎಂದರೆ ದಾದಿಯರ ವೃತ್ತಿ ಎಂದೇ ಎಲ್ಲರ ತಿಳಿವಳಿಕೆ. ಆದರೆ ಮೂಲದಲ್ಲಿದ್ದ ‘ಕೇಳುವುದು’ ಎಂಬ ಅರ್ಥ ಈ ವೃತ್ತಿಯಿಂದ ಸಂಪೂರ್ಣವಾಗಿ ಅಳಿದುಹೋಗಿಲ್ಲವೆಂಬುದನ್ನು ಮುಂದೆ ಕಾಣುವೆವು.

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಅದರ ಸುತ್ತಿನ ಹಳ್ಳಿಗಳಲ್ಲಿ ಕಬ್ಬಿನ ಹಣದಿಂದಲೋ, ಭೂಮಿಯ ಮೇಲೆ ತಂದ ಸಾಲದಿಂದಲೋ ಹೆಣ್ಣುಮಕ್ಕಳನ್ನು ಶುಶ್ರೂಷಾ ವಿದ್ಯಾಲಯಗಳಿಗೆ ಕಳುಹಿಸಿದ ಮನೆಗಳುಂಟು. ಆ ಸೀಮೆಯ ಭಕ್ತರು ಮಠಕ್ಕೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ನಾಲ್ಕು ವರ್ಷ ಓದಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದ ಮಗಳು ಅಮೆರಿಕದವರ ಪರವಾನಗಿ ಪರೀಕ್ಷೆಯಲ್ಲಿ ಏಕೆ ಅನುತ್ತೀರ್ಣಳಾದಳು? ನಮ್ಮ ಮಗುವಿಗೆ ಬುದ್ಧಿ ಸಾಲದೆ?’ ಇದು ಸಾಂತ್ವನದ ಮಾತಿನಿಂದ ಮುಗಿಯುವ ಪ್ರಶ್ನೆಯಲ್ಲ. ಇದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಆ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ಶುಶ್ರೂಷಾ ಪದವಿ ಪಡೆದವರು ದಾದಿಯರಾಗಿ ನೋಂದಾಯಿತರಾಗಲು ಇದುವರೆಗೆ ಬೇರೊಂದು ಪರವಾನಗಿ ಪರೀಕ್ಷೆ ಬರೆಯಬೇಕಾಗಿರಲಿಲ್ಲ. ವಿಶ್ವವಿದ್ಯಾನಿಲಯದ ಅಥವಾ ಪರೀಕ್ಷಾ ಮಂಡಳಿಯ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಸಾಕು. ಪರದೇಶಕ್ಕೆ ಹೊರಟಾಗಲೇ ನಮ್ಮ ಮಕ್ಕಳು ಈ ಬಗೆಯ ಪರೀಕ್ಷೆಯನ್ನು ಮೊದಲ ಬಾರಿಗೆ ಎದುರಿಸುವುದು. ಕಲಿಸುವವರು ಬೇರೆ, ಪರೀಕ್ಷಿಸುವವರು ಬೇರೆ ಎಂಬ ವ್ಯವಸ್ಥೆಯ ಪರಿಚಯವೂ ಅವರಿಗೆ ಆಗಲೇ ಆಗುವುದು.

ಪರಿಚರ್ಯೆಯನ್ನು ಒಂದು ವಿದ್ಯೆಯೆಂದು ಪರಿಗಣಿಸಿದುದು ನಮ್ಮಲ್ಲಿ ಹೊಸತಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಮತ್ತೆ ನಾಲ್ಕು ಗುಣಗಳು: ಉಪಚಾರದ ಜ್ಞಾನ, ಕಾರ್ಯದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ. ಇವುಗಳಲ್ಲಿ ಲೇಖನಿ ಹಿಡಿದು ಬರೆಯುವ ಪರೀಕ್ಷೆಯಿಂದ ಅಳೆಯಬಹುದಾದುದು ಮೊದಲನೆಯದೊಂದೇ. ಮಿಕ್ಕ ಮೂರನ್ನು ಹೇಗೆ ಅಳೆಯಬೇಕು? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ವಿವಾದ ಎದ್ದುದು ಇದೇ ಪ್ರಶ್ನೆಯ ಮೇಲೆ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯನ್ನು ಆರಂಭಿಸಿದಳು. ಅಲ್ಲಿ ವಿದ್ಯಾರ್ಥಿನಿಯ ಪಾಠಶಾಲೆಯೆಂದರೆ ರೋಗಿಯ ಮಂಚದ ಮಗ್ಗುಲು. ಆಕೆ ಹೇಗೆ ನಡೆದುಕೊಂಡಳು, ಎಷ್ಟು ಸೂಕ್ಷ್ಮವಾಗಿ ಗಮನಿಸಿದಳು ಎಂಬುದನ್ನು ಮೇಲ್ವಿಚಾರಕಿಯರು ದಾಖಲೆಯಲ್ಲಿ ಬರೆದಿಡುತ್ತಿದ್ದರು. 1887ರಲ್ಲಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿದ ಶ್ರೀಮತಿ ಬೆಡ್‌ಫರ್ಡ್ ಫೆನ್‌ವಿಕ್ ಮತ್ತು ಆಕೆಯ ಸಂಗಡಿಗರು, ವೈದ್ಯರಿಗಿರುವಂತೆ ದಾದಿಯರಿಗೂ ಸರ್ಕಾರೀ ನೋಂದಣಿ ಬೇಕು, ಅದಕ್ಕೆ ಸಮಾನವಾದ ಪರೀಕ್ಷೆ ಬೇಕು ಎಂದು ವಾದಿಸಿದರು. ನೈಟಿಂಗೇಲ್ ಇದನ್ನು ವಿರೋಧಿಸಿದಳು. ಒಳ್ಳೆಯ ದಾದಿಯ ಗುಣಗಳು ಪ್ರಶ್ನೆಪತ್ರಿಕೆಗೆ ಸಿಕ್ಕುವಂಥವಲ್ಲ ಎಂಬುದು ಆಕೆಯ ನಿಲುವು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿತ್ತು. ಪರೀಕ್ಷೆಯಿಲ್ಲದಿದ್ದರೆ ಯಾರು ಬೇಕಾದರೂ ದಾದಿಯೆಂದು ಹೇಳಿಕೊಂಡು ರೋಗಿಯನ್ನು ಮುಟ್ಟಬಹುದಾಗಿತ್ತು. ಪರೀಕ್ಷೆಯೊಂದೇ ಉಳಿದರೆ ರೋಗಿಯನ್ನು ಮುಟ್ಟದವರೂ ದಾದಿಯರಾಗಬಹುದಾಗಿತ್ತು.

ಕಡೆಗೆ ಪರೀಕ್ಷೆಯ ಪಕ್ಷವೇ ಗೆದ್ದಿತು. 1901ರಲ್ಲಿ ನ್ಯೂಜಿಲೆಂಡ್ ದಾದಿಯರ ನೋಂದಣಿಗೆ ಪ್ರತ್ಯೇಕ ಕಾಯಿದೆ ಮಾಡಿತು. 1903ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನ ಅದೇ ಮಾರ್ಗ ಹಿಡಿಯಿತು. ಇಂಗ್ಲೆಂಡಿನಲ್ಲಿ ಕಾಯಿದೆ ಆದುದು 1919ರಲ್ಲಿ. ಸರ್ಕಾರೀ ಪರೀಕ್ಷೆ ನಡೆದುದು 1925ರಲ್ಲಿ. ಅಮೆರಿಕದಲ್ಲಿ ಒಂದೊಂದು ಸಂಸ್ಥಾನವೂ ತನ್ನದೇ ಪರೀಕ್ಷೆ ನಡೆಸುತ್ತಿದ್ದುದು ತೊಡಕಾಗಿ, 1944ರಿಂದ ಎಲ್ಲ ಸಂಸ್ಥಾನಗಳೂ ಬಳಸಬಹುದಾದ ಸಾಮಾನ್ಯ ಪ್ರಶ್ನೆಪತ್ರಿಕೆ ರೂಢಿಗೆ ಬಂದಿತು. ಹೀಗೆ ಆ ದೇಶದಲ್ಲಿ ಶಾಲೆ ಕೊಡುವ ಪ್ರಮಾಣಪತ್ರವೊಂದು, ಸರ್ಕಾರ ಕೊಡುವ ಪರವಾನಗಿ ಮತ್ತೊಂದು ಎಂಬ ಭೇದ ಸ್ಥಿರವಾಯಿತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಮದರಾಸಿನ ಸರ್ಕಾರೀ ಆಸ್ಪತ್ರೆಯಲ್ಲಿ 1871ರಲ್ಲಿಯೇ ದಾದಿಯರ ಶಿಕ್ಷಣಕ್ಕೆ ಆರಂಭವಾಯಿತು. ಬೆಂಗಳೂರಿನಲ್ಲಿ 1886ರಲ್ಲಿ ಸಂತ ಮಾರ್ತರ ಆಸ್ಪತ್ರೆ, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮತ್ತೆ ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಇವೇ ಮೊದಲಾದ ಸಂಸ್ಥೆಗಳು ತಲೆಯೆತ್ತಿದವು. ಅಲ್ಲಿ ಶುಶ್ರೂಷೆಗೆ ನಿಂತವರಲ್ಲಿ ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಮಹಿಳೆಯರೇ ಹೆಚ್ಚು. ಕಾರಣ ಸ್ಪಷ್ಟ. ಮಲಮೂತ್ರಗಳನ್ನು, ರಕ್ತವನ್ನು, ಶವವನ್ನು ಮುಟ್ಟುವ ಕೆಲಸ ಮೈಲಿಗೆಯದೆಂದು ಮೇಲ್ಜಾತಿಗಳೆನಿಸಿಕೊಂಡವರು ದೂರ ಉಳಿದರು. ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಪಂಚಸೂತಕಗಳನ್ನು ಅಲ್ಲಗಳೆದರು, ಕಾಯಕದಲ್ಲಿ ಮೇಲುಕೀಳಿಲ್ಲವೆಂದರು, ವೈದ್ಯ ಸಂಗಣ್ಣನವರಂಥವರು ಅನುಭಾವಿಗಳ ಸಾಲಿನಲ್ಲಿ ಕುಳಿತರು. ಆದರೂ ಎಂಟು ಶತಮಾನಗಳ ತರುವಾಯ ಮಗಳನ್ನು ದಾದಿಯಾಗಿ ಕಳುಹಿಸುವ ಪ್ರಸಂಗ ಬಂದಾಗ ನಮ್ಮ ಮನೆಗಳೂ ಹಿಂಜರಿದುವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಳ್ಳಿಗಳಲ್ಲಿ ಶುಶ್ರೂಷೆ ಸೂಲಗಿತ್ತಿಯರ ಕೈಯಲ್ಲಿತ್ತು. ಅವರಿಗೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ; ಕಣ್ಣು, ಕೈ, ಕಿವಿಗಳೇ ವಿದ್ಯೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತದೆ ಸಹಸ್ರಾರು ಹೆರಿಗೆಗಳನ್ನು ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಎಲ್ಲ ಸೂಲಗಿತ್ತಿಯರೂ ನರಸಮ್ಮನವರಾಗಿರಲಿಲ್ಲ. ಅಶುಚಿಯಿಂದ, ಅಜ್ಞಾನದಿಂದ ಪ್ರಾಣಹಾನಿಯಾದ ಪ್ರಸಂಗಗಳು ಹೇರಳ. ಆದುದರಿಂದ ಶಾಸ್ತ್ರೀಯ ಶಿಕ್ಷಣವೂ ನೋಂದಣಿಯೂ ಬಂದುದು ನ್ಯಾಯವೇ. ಆದರೆ ಸೂಲಗಿತ್ತಿಗಿದ್ದ ಒಂದು ಗುಣವನ್ನು ಮರೆಯಲಾಗದು. ತಾಯಿಯ ನರಳಾಟದ ದನಿ ಬದಲಾದುದನ್ನು ಕೇಳಿಯೇ, ಮುಂದೇನು ಮಾಡಬೇಕೆಂಬುದನ್ನು ಆಕೆ ತಾನೇ ನಿರ್ಧರಿಸುತ್ತಿದ್ದಳು. ಕೇಳಲು ಪಕ್ಕದಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

ಮದರಾಸು ಪ್ರಾಂತ್ಯದಲ್ಲಿ 1926ರಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆ ಜಾರಿಗೆ ಬಂದಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ವರದಿ ಸಲ್ಲಿಸಿತು. ಇಡೀ ದೇಶದಲ್ಲಿ ಇದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬ ದಾದಿ. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯಲ್ಲಿ ಪದವಿ ಶಿಕ್ಷಣ ಪ್ರಾರಂಭವಾಯಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಕಾಯಿದೆ, ರಾಜ್ಯ ಇನ್ನೂ ಮೈಸೂರೆಂಬ ಹೆಸರಿನಲ್ಲಿದ್ದ 1961ನೆಯ ಇಸವಿಯದು.

ಆ ಕಾಲದ ಶಿಕ್ಷಣಶಾಲೆಗಳು ಆಸ್ಪತ್ರೆಯ ಅಂಗಗಳಾಗಿದ್ದವು. ವಿದ್ಯಾರ್ಥಿನಿಯರನ್ನು ಆಸ್ಪತ್ರೆಗಳು ಅಗ್ಗದ ಆಳುಗಳಂತೆ ದುಡಿಸಿಕೊಳ್ಳುತ್ತಿದ್ದುವು ಎಂಬ ಆಕ್ಷೇಪ ನಿಜವೇ. ರಾತ್ರಿಯ ಸರದಿ ಮುಗಿಸಿ ತೂಕಡಿಸುತ್ತ ಪಾಠ ಕೇಳುವುದು ಅವರ ಪಾಡಾಗಿತ್ತು. ಆದರೆ ಮೂರು ವರ್ಷ ರೋಗಿಗಳ ನಡುವೆ ಬಾಳಿದವಳಿಗೆ, ಮುಖ ಬಿಳಿಚಿದಾಗ, ಉಸಿರಿನ ಗತಿ ತಪ್ಪಿದಾಗ, ಏನೋ ಕೇಡಾಗುತ್ತಿದೆಯೆಂಬುದು ತಾನಾಗಿ ತಿಳಿಯುತ್ತಿತ್ತು.

ಈ ಸ್ಥಿತಿ ನಮ್ಮ ರಾಜ್ಯದಲ್ಲಿ ತೀವ್ರವಾಗಿ ಬದಲಾದುದು ಕಳೆದ ಶತಮಾನದ ಕೊನೆಗೆ. ಖಾಸಗಿ ವೃತ್ತಿಶಿಕ್ಷಣ ವಿಸ್ತಾರಗೊಂಡಿತು. 1986ರಲ್ಲಿ ನಾಗಮಂಗಲ ತಾಲ್ಲೂಕಿನಲ್ಲಿಯೇ ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಲಯ ಸ್ಥಾಪಿತವಾಗಿ ಆ ಭಾಗದ ಹಳ್ಳಿಗರಿಗೆ ದೊಡ್ಡ ಆಸ್ಪತ್ರೆ ದೊರೆಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಶುಶ್ರೂಷಾ ವಿದ್ಯಾಲಯಗಳು ನೂರಾರು ಆದವು. ಕೇರಳದಿಂದಲೂ, ಈಶಾನ್ಯ ಭಾರತದಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬಂದರು. ಇವುಗಳಲ್ಲಿ ದೊಡ್ಡ ಆಸ್ಪತ್ರೆಗಳ ನೆರಳಿನಲ್ಲಿ ಬೆಳೆದ ಉತ್ತಮ ವಿದ್ಯಾಲಯಗಳಿವೆ. ಕಟ್ಟಡವೊಂದು, ಪ್ರಯೋಗಶಾಲೆಯಲ್ಲಿ ಮಲಗಿಸಿದ ಗೊಂಬೆಯೊಂದು, ದೂರದ ಯಾವುದೋ ಆಸ್ಪತ್ರೆಯೊಡನೆ ಕಾಗದದ ಮೇಲಿನ ಒಪ್ಪಂದವೊಂದು, ಇಷ್ಟರಿಂದಲೇ ನಡೆದುವೂ ಇವೆ. ವಿದ್ಯಾಲಯಕ್ಕೆ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿನಿಗೆ ಮೂವರು ರೋಗಿಗಳಾದರೂ ದೊರೆಯಬೇಕು ಎಂಬುದು ಭಾರತೀಯ ಪರಿಷತ್ತು ವಿಧಿಸಿದ ಮಾನದಂಡ. ಆದರೆ ವಿದ್ಯಾಲಯಗಳಿಗೆ ಮನ್ನಣೆ ನೀಡುವ ಅಧಿಕಾರ ಯಾರದು, ಕೇಂದ್ರದ ಪರಿಷತ್ತಿನದೋ ರಾಜ್ಯದ್ದೋ, ಎಂಬ ವ್ಯಾಜ್ಯವೇ 2017ರಲ್ಲಿ ನಮ್ಮ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಕಾವಲುಗಾರ ಯಾರೆಂಬ ಚರ್ಚೆ ನಡೆಯುವಾಗ ಮನೆ ಕಾಯುವವರು ಯಾರು? ಹೀಗೆ ಒಂದು ಕಾಲದಲ್ಲಿ ಪುಸ್ತಕವಿಲ್ಲದ ರೋಗಿಸೇವೆಯಿತ್ತು. ಮತ್ತೊಂದು ಕಾಲದಲ್ಲಿ, ಕೆಲವು ಕಡೆಗಳಲ್ಲಿ, ರೋಗಿಯಿಲ್ಲದ ಪುಸ್ತಕ ಉಳಿಯಿತು.

ಇದೇ ಅವಧಿಯಲ್ಲಿ ಅಮೆರಿಕದ ಪರೀಕ್ಷೆಯೂ ರೂಪಾಂತರ ಹೊಂದುತ್ತಿತ್ತು. 1965ರಲ್ಲಿ ಆ ದೇಶದ ವಲಸೆ ಕಾಯಿದೆ ಬದಲಾಗಿ ಏಷ್ಯಾದವರಿಗೆ ಬಾಗಿಲು ತೆರೆಯಿತು. ಹೊರನಾಡುಗಳಿಂದ ಹೋದ ದಾದಿಯರು ಅಲ್ಲಿನ ಪರವಾನಗಿ ಪರೀಕ್ಷೆಗೆ ಕುಳಿತಾಗ, ಐವರಲ್ಲಿ ಒಬ್ಬರು ತೇರ್ಗಡೆಯಾಗುವುದೂ ದುರ್ಲಭವಾಯಿತು. ಅನುತ್ತೀರ್ಣರಾದವರು ಊರಿಗೆ ಮರಳಲಾರದೆ, ದಾದಿಯಾಗಲಾರದೆ, ಆಯಾಗಳ ಕೆಲಸಕ್ಕೆ ನಿಲ್ಲಬೇಕಾಯಿತು. ಈ ದುಃಸ್ಥಿತಿಯನ್ನು ತಪ್ಪಿಸಲೆಂದೇ 1977ರಲ್ಲಿ ವಿದೇಶೀ ಶುಶ್ರೂಷಾ ಪದವೀಧರರ ಆಯೋಗವೊಂದು ಸ್ಥಾಪಿತವಾಯಿತು. ಹೊರಡುವ ಮುನ್ನವೇ ಅವರವರ ದೇಶದಲ್ಲಿ ಅರ್ಹತೆಯನ್ನು ಪರೀಕ್ಷಿಸುವ ಕ್ರಮ ಬಂದಿತು. ಆದುದರಿಂದ ಇಂದು ಕೆ.ಆರ್. ಪೇಟೆಯ ಮಗಳು ಎದುರಿಸುತ್ತಿರುವ ಸೋಲು ಅವಳೊಬ್ಬಳ ಸೋಲಲ್ಲ. ಅದಕ್ಕೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ.

1982ರಲ್ಲಿ ಇನ್ನೊಂದು ಮುಖ್ಯ ಬದಲಾವಣೆಯಾಯಿತು. ಅದುವರೆಗೆ ಅಲ್ಲಿನ ಪರೀಕ್ಷೆ ಔಷಧೀಯ, ಶಸ್ತ್ರಕ್ರಿಯಾ, ಪ್ರಸೂತಿ, ಶಿಶು, ಮಾನಸಿಕ ಶುಶ್ರೂಷೆಗಳೆಂದು ಐದು ವಿಷಯಗಳಾಗಿ ನಡೆಯುತ್ತಿತ್ತು. ಹೊಸದಾಗಿ ಬಂದ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ವಿಷಯಗಳ ಗೋಡೆಗಳನ್ನು ಕೆಡವಿ, ರೋಗಿಯನ್ನು ಮುಂದಿಟ್ಟು ಪ್ರಶ್ನೆ ಕೇಳತೊಡಗಿತು. 1994ರಿಂದ ಅದು ಗಣಕಯಂತ್ರದ ಮೇಲೆ ನಡೆಯುತ್ತದೆ. ಸರಿಯುತ್ತರ ಬಂದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಅಭ್ಯರ್ಥಿಯ ಯೋಗ್ಯತೆ ನಿಶ್ಚಿತ ರೇಖೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಖಚಿತವಾದೊಡನೆ ಯಂತ್ರ ನಿಲ್ಲುತ್ತದೆ. 2023ರಿಂದ ಪ್ರಶ್ನೆಗಳ ಸಂಖ್ಯೆ 85ರಿಂದ 150. ಅವಧಿ ಐದು ಗಂಟೆ. ಈಗ ಬೆಂಗಳೂರಿನಲ್ಲಿಯೇ ಕುಳಿತು ಈ ಪರೀಕ್ಷೆ ಬರೆಯಬಹುದು. 2022, 2023ರ ಸುಮಾರಿಗೆ, ಅಮೆರಿಕದಲ್ಲಿ ಓದಿದವರಲ್ಲಿ ಮೊದಲ ಯತ್ನಕ್ಕೇ ನೂರಕ್ಕೆ 80ರಿಂದ 90ರಷ್ಟು ಮಂದಿ ತೇರ್ಗಡೆಯಾದರೆ, ಹೊರದೇಶಗಳಲ್ಲಿ ಓದಿದವರಲ್ಲಿ ತೇರ್ಗಡೆಯಾದವರು ಸುಮಾರು ಅರ್ಧದಷ್ಟು.

ಇಷ್ಟು ಅಂತರಕ್ಕೆ ಕಾರಣವೇನು? ಪರೀಕ್ಷೆ ಕೇಳುವುದೇನೆಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ನಮ್ಮ ಪರೀಕ್ಷೆಯಲ್ಲಿ ‘ಆಸ್ತಮಾ ಎಂದರೇನು? ಅದರ ಕಾರಣ, ಲಕ್ಷಣ, ಚಿಕಿತ್ಸೆ ಮತ್ತು ಶುಶ್ರೂಷೆಯನ್ನು ವಿವರಿಸಿ’ ಎಂಬ ಮಾದರಿಯ ಪ್ರಶ್ನೆ ಬರುತ್ತದೆ. ಎನ್‌ಕ್ಲೆಕ್ಸ್ ಮಾದರಿಯಲ್ಲಿ ಪ್ರಶ್ನೆ ಹೀಗಿರುತ್ತದೆನ್ನಬಹುದು: ನಿನ್ನ ಪಾಲಿಗೆ ನಾಲ್ವರು ರೋಗಿಗಳಿದ್ದಾರೆ. ಒಬ್ಬನಿಗೆ ಶಸ್ತ್ರಕ್ರಿಯೆಯ ಮರುದಿನ ಸ್ವಲ್ಪ ಜ್ವರ. ಒಬ್ಬಳು ಊಟಕ್ಕೆ ಮುಂಚೆ ಇನ್ಸುಲಿನ್ನಿಗಾಗಿ ಕಾದಿದ್ದಾಳೆ. ಕಾಲು ಮುರಿದವನೊಬ್ಬ ನೋವಿನಿಂದ ಕೂಗುತ್ತಿದ್ದಾನೆ. ಆಸ್ತಮಾದ ರೋಗಿಯೊಬ್ಬ ಇದುವರೆಗೆ ಗೊರಗೊರ ಸದ್ದಿನಿಂದ ಉಸಿರೆಳೆಯುತ್ತಿದ್ದವನು, ಈಗ ಸದ್ದು ನಿಂತು ಮಂಕಾಗಿ ಒರಗಿದ್ದಾನೆ. ಮೊದಲು ಯಾರ ಬಳಿಗೆ ಹೋಗುವೆ?

ಬಾಯಿಪಾಠ ಮಾಡಿದವಳಿಗೆ ಗೊರಗೊರ ಸದ್ದು ರೋಗದ ಲಕ್ಷಣವೆಂದು ಗೊತ್ತು. ಆದುದರಿಂದ ಸದ್ದು ನಿಂತರೆ ಗುಣವಾಯಿತೆಂದು ಆಕೆ ಭಾವಿಸಬಹುದು. ಕೂಗುತ್ತಿರುವವನ ಬಳಿಗೆ ಓಡಬಹುದು. ವಾಸ್ತವದಲ್ಲಿ ಆ ಮೌನವೇ ಮೃತ್ಯುವಿನ ಸೂಚನೆ. ಶ್ವಾಸನಾಳ ಮುಚ್ಚಿ ಗಾಳಿಯೇ ಆಡದಿರುವುದರಿಂದ ಸದ್ದಿಲ್ಲ. ಒಂದು ರಾತ್ರಿಯಾದರೂ ಇಂಥ ರೋಗಿಯ ಮಗ್ಗುಲಲ್ಲಿ ಕುಳಿತವಳು ಇದನ್ನು ಮರೆಯಲಾರಳು. ಪುಸ್ತಕದಲ್ಲಿ ಈ ಮಾತು ಒಂದು ಸಾಲಿನಲ್ಲಿದ್ದೀತು. ಆದರೆ ಐದು ಅಂಕದ ಉತ್ತರಕ್ಕೆ ಆ ಸಾಲು ಬೇಕಾಗಿರಲಿಲ್ಲ. ಇದು ಅನುತ್ತೀರ್ಣತೆಯ ಮೊದಲನೆಯ ಹಾಗೂ ಮುಖ್ಯವಾದ ಕಾರಣ.

ಎರಡನೆಯ ಕಾರಣ ನಿರ್ಧಾರದ ಅಭ್ಯಾಸವಿಲ್ಲದಿರುವುದು. ನಮ್ಮ ಆಸ್ಪತ್ರೆಗಳಲ್ಲಿ ದಾದಿ ವೈದ್ಯರ ಅಪ್ಪಣೆಗೆ ಕಾಯಬೇಕೆಂಬುದೇ ಸಂಪ್ರದಾಯ. ತಾನಾಗಿ ಯೋಚಿಸಿದರೆ ಉದ್ಧಟತನವೆನಿಸುತ್ತದೆ. ರೋಗಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಮಗ್ಗುಲು ಬದಲಿಸುವುದು ಬಂಧುಗಳ ಪಾಲು. ದಾದಿಗೆ ಉಳಿಯುವುದು ಸೂಜಿ, ಮಾತ್ರೆ ಮತ್ತು ದಾಖಲೆ ಪುಸ್ತಕ. ಅಲ್ಲಿನ ಪರೀಕ್ಷೆಯಾದರೋ ಯಾವ ಕೆಲಸವನ್ನು ಸಹಾಯಕಿಗೆ ಒಪ್ಪಿಸಬೇಕು, ಯಾವುದನ್ನು ತಾನೇ ಮಾಡಬೇಕು, ಯಾವಾಗ ವೈದ್ಯರನ್ನು ಕರೆಯಬೇಕು ಎಂದು ಕೇಳುತ್ತದೆ. ನಾಲ್ಕು ವರ್ಷ ‘ಕೇಳಿದಷ್ಟು ಮಾಡು’ ಎಂಬ ಶಿಸ್ತಿನಲ್ಲಿ ಬೆಳೆದವಳಿಗೆ ‘ನೀನೇನು ಮಾಡುವೆ?’ ಎಂಬ ಪ್ರಶ್ನೆ ಅಪರಿಚಿತ. 2023ರಿಂದ ಈ ನಿರ್ಧಾರಶಕ್ತಿಯನ್ನೇ ಆರು ಹೆಜ್ಜೆಗಳಾಗಿ ಬಿಡಿಸಿ ಪರೀಕ್ಷಿಸಲಾಗುತ್ತಿದೆ: ಸೂಚನೆಗಳನ್ನು ಗುರುತಿಸುವುದು, ಅವುಗಳನ್ನು ವಿಶ್ಲೇಷಿಸುವುದು, ಸಂಭವನೀಯ ಕಾರಣಗಳಲ್ಲಿ ಮುಖ್ಯವಾದುದನ್ನು ಆರಿಸುವುದು, ಪರಿಹಾರಗಳನ್ನು ಯೋಚಿಸುವುದು, ಕಾರ್ಯಗತಗೊಳಿಸುವುದು, ಫಲವನ್ನು ಪರಿಶೀಲಿಸುವುದು.

ಮೂರನೆಯದು ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗಿ ಶುಶ್ರೂಷಾ ವಿದ್ಯಾಲಯ ಸೇರಿದೊಡನೆ ಎಲ್ಲವೂ ಇಂಗ್ಲಿಷ್. ಅರ್ಥವಾಗದುದನ್ನು ಬಾಯಿಪಾಠ ಮಾಡುವುದು ಅವಳಿಗೆ ಸೋಮಾರಿತನವಲ್ಲ, ಬದುಕುಳಿಯುವ ಉಪಾಯ. ಆದರೆ ಬಾಯಿಪಾಠದ ಇಂಗ್ಲಿಷಿನಿಂದ ‘ಮೊದಲು’, ‘ಅತ್ಯಂತ ಸೂಕ್ತ’, ‘ಹೊರತು’ ಎಂಬ ಸಣ್ಣ ಪದಗಳ ಮೇಲೆ ನಿಂತ ಪ್ರಶ್ನೆಯನ್ನು ಬಿಡಿಸಲಾಗದು. ಇದರ ಜೊತೆಗೆ ಹೆಸರುಗಳ ತೊಡಕು. ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ನಮ್ಮ ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ನಮ್ಮ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಆದರೂ ಭಾಷೆಯೊಂದನ್ನೇ ದೂರಲಾಗದು. ಇಂಗ್ಲಿಷಿನಲ್ಲಿಯೇ ಕಲಿತು, ಸ್ವದೇಶದಲ್ಲಿಯೂ ಪರವಾನಗಿ ಪರೀಕ್ಷೆ ಬರೆದು ಬರುವ ಫಿಲಿಪ್ಪೀನ್ಸ್ ದೇಶದ ದಾದಿಯರೂ ಎನ್‌ಕ್ಲೆಕ್ಸ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ಅನುತ್ತೀರ್ಣರಾಗುತ್ತ ಬಂದಿದ್ದಾರೆ.

ನಾಲ್ಕನೆಯದು ಮಾತಿನ ಸಂಸ್ಕಾರ. ಸ್ತನದ ಶಸ್ತ್ರಕ್ರಿಯೆಗೆ ಸಿದ್ಧಳಾದ ರೋಗಿಯೊಬ್ಬಳು ‘ನನ್ನ ಗಂಡ ನನ್ನನ್ನು ಮೊದಲಿನಂತೆ ನೋಡುವರೆ?’ ಎಂದು ಕೇಳುತ್ತಾಳೆ. ನಮ್ಮ ಕಡೆಯ ದಾದಿ ಅಂತಃಕರಣದಿಂದ ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ, ದೇವರ ಮೇಲೆ ಭಾರ ಹಾಕಿ’ ಎನ್ನುತ್ತಾಳೆ. ಅಲ್ಲಿ ಅದು ತಪ್ಪು ಉತ್ತರ. ತನಗೆ ಗೊತ್ತಿಲ್ಲದುದಕ್ಕೆ ಅಭಯ ಕೊಡುವುದು, ರೋಗಿಯ ಮಾತನ್ನು ಅಲ್ಲಿಗೇ ಮುಚ್ಚಿಬಿಡುವುದು ಎಂದು ಅದನ್ನು ಎಣಿಸುತ್ತಾರೆ. ‘ನಿಮ್ಮ ಮನಸ್ಸಿನಲ್ಲಿರುವ ಭಯವೇನೆಂದು ಹೇಳಿ’ ಎಂಬುದೇ ಅವರು ಬಯಸುವ ಉತ್ತರ. ಇದನ್ನು ಪರದೇಶದ ನಡೆಯೆಂದು ತಳ್ಳಿಹಾಕುವವರು ಶುಶ್ರೂಷಾ ಶಬ್ದದ ಮೂಲಾರ್ಥವನ್ನು ನೆನೆಯಬೇಕು. ಹೇಳುವುದಕ್ಕಿಂತ ಮೊದಲು ಕೇಳಬೇಕೆಂಬುದು ಆ ಶಬ್ದದಲ್ಲಿಯೇ ಇತ್ತು. ಇದು ಹೊರಗಿನವರು ನಮಗೆ ಕಲಿಸಿದುದಲ್ಲ, ನಾವು ಮರೆತುದು.

ಇವಲ್ಲದೆ ಕಾಲದ ಅಂತರವೂ ಇದೆ. ಅಲ್ಲಿನ ವಿದ್ಯಾರ್ಥಿನಿ ಪದವಿ ಪಡೆದ ಕೆಲವೇ ವಾರಗಳಲ್ಲಿ ಪರೀಕ್ಷೆಗೆ ಕೂರುತ್ತಾಳೆ. ನಮ್ಮವಳು ಸಾಲ ತೀರಿಸಲು ದುಡಿದು, ದಾಖಲೆಗಳ ಪರಿಶೀಲನೆಗೆ ಕಾದು, ಮದುವೆ ಮಕ್ಕಳಾದ ಮೇಲೆ ಕೂರುವುದೂ ಉಂಟು. ಒಮ್ಮೆ ಅನುತ್ತೀರ್ಣಳಾದರೆ 45 ದಿನಗಳ ಬಳಿಕ ಮತ್ತೆ ಬರೆಯಬಹುದಾದರೂ, ಮರುಯತ್ನ ಮಾಡುವವರಲ್ಲಿ ತೇರ್ಗಡೆಯ ಪ್ರಮಾಣ ಮೊದಲ ಯತ್ನದವರಿಗಿಂತ ಕಡಿಮೆಯೇ.

‘ವಿದೇಶೀಯರನ್ನು ದೂರವಿಡಲು ಬೇಕೆಂದೇ ಹೀಗೆ ಮಾಡುತ್ತಾರೆ’ ಎಂದು ಕೆಲವರು ಹೇಳುವುದುಂಟು. ಈ ವಾದ ನಿಲ್ಲದು. ಯಂತ್ರಕ್ಕೆ ಅಭ್ಯರ್ಥಿಯ ಊರು ತಿಳಿಯದು. ತೇರ್ಗಡೆಯ ರೇಖೆ ಎಲ್ಲರಿಗೂ ಒಂದೇ. ಗಮನಿಸಬೇಕಾದ ಭೇದ ಬೇರೆಯೇ ಇದೆ. ಅಮೆರಿಕದಲ್ಲಿ ಒಂದು ವಿದ್ಯಾಲಯದ ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಅನುತ್ತೀರ್ಣರಾದರೆ ಅಲ್ಲಿನ ಶುಶ್ರೂಷಾ ಮಂಡಳಿ ವಿದ್ಯಾಲಯವನ್ನೇ ಪ್ರಶ್ನಿಸುತ್ತದೆ. ಮೊದಲ ಯತ್ನದಲ್ಲಿ ನೂರಕ್ಕೆ 80 ಮಂದಿಯಾದರೂ ತೇರ್ಗಡೆಯಾಗಬೇಕೆಂಬ ನಿಯಮ ಹಲವು ಸಂಸ್ಥಾನಗಳಲ್ಲಿದೆ. ಸತತವಾಗಿ ಅದಕ್ಕಿಂತ ಕೆಳಗಿಳಿದರೆ ಮನ್ನಣೆಗೇ ಸಂಚಕಾರ. ಅಂದರೆ ಅಲ್ಲಿ ವಿದ್ಯಾರ್ಥಿನಿಯೊಡನೆ ವಿದ್ಯಾಲಯವೂ ಪರೀಕ್ಷೆಗೆ ಕುಳಿತಿರುತ್ತದೆ. ನಮ್ಮಲ್ಲಿ ಶುಲ್ಕ ಪಡೆದ ಸಂಸ್ಥೆಗೂ, ಅದಕ್ಕೆ ಮನ್ನಣೆಯಿತ್ತವರಿಗೂ ಆ ಸೋಲಿನ ಸುದ್ದಿಯೇ ತಲುಪುವುದಿಲ್ಲ. ಸೋಲು ಬರೆಯಲ್ಪಡುವುದು ಮಗಳ ಹಣೆಯ ಮೇಲೆ. ಸಾಲ ಉಳಿಯುವುದು ತಂದೆಯ ಹೆಗಲ ಮೇಲೆ.

2023ರಲ್ಲಿ ನಮ್ಮ ಸಂಸತ್ತು 1947ರ ಕಾಯಿದೆಯ ಸ್ಥಾನದಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. ಕಾಯಿದೆ ಎಷ್ಟೇ ಉತ್ತಮವಾಗಿದ್ದರೂ, ವಿದ್ಯಾರ್ಥಿನಿಗೆ ರೋಗಿಯ ಸಾನ್ನಿಧ್ಯ ದೊರೆಯಿತೋ ಇಲ್ಲವೋ ಎಂಬುದನ್ನು ನೋಡುವವರಿಲ್ಲದಿದ್ದರೆ ಹಳೆಯ ಕಥೆಯೇ ಮುಂದುವರಿಯುತ್ತದೆ. ಪರದೇಶಕ್ಕೆ ಹೋಗದೆ ನಮ್ಮ ನಡುವೆಯೇ ಉಳಿಯುವ ದಾದಿಯರ ಸಂಖ್ಯೆ ದೊಡ್ಡದು. ಅವರು ಎನ್‌ಕ್ಲೆಕ್ಸ್ ಬರೆಯುವುದಿಲ್ಲ. ಆದರೆ ಉಸಿರಿನ ಸದ್ದು ನಿಂತ ಆಸ್ತಮಾದ ರೋಗಿ ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿಯೂ ಮಲಗಿರುತ್ತಾನೆ. ಅಲ್ಲಿ ತಪ್ಪು ಉತ್ತರಕ್ಕೆ ಮರುಯತ್ನವಿಲ್ಲ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಸೂಚನೆ ಇಷ್ಟು. ಮಗಳನ್ನು ವಿದ್ಯಾಲಯಕ್ಕೆ ಸೇರಿಸುವ ಮುನ್ನ ಕಟ್ಟಡದ ಅಂದವನ್ನು ನೋಡದೆ ಮೂರು ಪ್ರಶ್ನೆ ಕೇಳಿರಿ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳಿವೆ, ಅವುಗಳಲ್ಲಿ ಇಂದು ರೋಗಿಗಳಿರುವುವೆಷ್ಟು? ವಿದ್ಯಾರ್ಥಿನಿ ರಾತ್ರಿಯ ಸರದಿಯೂ ಸೇರಿದಂತೆ ಎಷ್ಟು ದಿನ ರೋಗಿಗಳ ಬಳಿ ಇರುತ್ತಾಳೆ? ಇಲ್ಲಿಂದ ಹೊರಬಿದ್ದವರಲ್ಲಿ ಪರವಾನಗಿ ಪರೀಕ್ಷೆ ಬರೆದವರೆಷ್ಟು, ತೇರ್ಗಡೆಯಾದವರೆಷ್ಟು? ಮೂರನೆಯದಕ್ಕೆ ಉತ್ತರ ದೊರೆಯದಿದ್ದರೆ, ಆ ಲೆಕ್ಕವನ್ನು ಯಾರೂ ಇಟ್ಟಿಲ್ಲವೆಂದು ತಿಳಿಯಿರಿ. ಮಠಗಳು ನಡೆಸುವ ವಿದ್ಯಾಲಯಗಳಿಗೂ ಈ ಮಾತು ಅನ್ವಯಿಸುತ್ತದೆ. ದಾಸೋಹದಲ್ಲಿ ಎಷ್ಟು ಮಂದಿ ಉಂಡರೆಂಬುದನ್ನು ಲೆಕ್ಕವಿಡುವ ನಾವು, ವಿದ್ಯಾದಾಸೋಹದಲ್ಲಿ ಎಷ್ಟು ಮಂದಿ ಹಸಿದೇ ಎದ್ದುಹೋದರೆಂಬುದನ್ನೂ ಲೆಕ್ಕವಿಡಬೇಕು.

ಇನ್ನು ಓದುತ್ತಿರುವ ಮಕ್ಕಳಿಗೆ: ಪಾಠವನ್ನು ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಳ್ಳಿರಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ದಿನಕ್ಕೊಬ್ಬ ರೋಗಿಯ ವಿಷಯದಲ್ಲಿ ನೀವು ಕಂಡುದೇನು, ಕೇಳಿದುದೇನು, ಅದರಿಂದ ಊಹಿಸಿದುದೇನು, ಕಡೆಗೆ ಆದುದೇನು ಎಂದು ನಾಲ್ಕು ಸಾಲು ಬರೆದಿಡಿರಿ. ಅನುತ್ತೀರ್ಣರಾದವರಿಗೆ ಆ ಪರೀಕ್ಷೆಯವರು ಒಂದು ವರದಿ ಕೊಡುತ್ತಾರೆ. ಯಾವ ಭಾಗದಲ್ಲಿ ರೇಖೆಗಿಂತ ಮೇಲಿದ್ದೀರಿ, ಯಾವುದರಲ್ಲಿ ಸಮೀಪ, ಯಾವುದರಲ್ಲಿ ಕೆಳಗೆ ಎಂಬುದು ಅದರಲ್ಲಿರುತ್ತದೆ. ನಾಚಿಕೆಯಿಂದ ಅದನ್ನು ಹರಿದೆಸೆಯದೆ ಓದಿರಿ. ನಿಮ್ಮ ವಿದ್ಯಾಲಯಕ್ಕೂ ಅದರ ಒಂದು ಪ್ರತಿಯನ್ನು ಕಳುಹಿಸಿರಿ. ತಂದೆತಾಯಿಗಳು ಮಗಳನ್ನು ‘ಬುದ್ಧಿ ಸಾಲದವಳು’ ಎನ್ನುವ ಮೊದಲು, ಅವಳಿಗೆ ಕಲಿಯಲು ಎಷ್ಟು ಮಂದಿ ರೋಗಿಗಳನ್ನು ಕೊಟ್ಟಿದ್ದರೆಂದು ವಿಚಾರಿಸಲಿ.